ಜುಬಿಲಿ ಎಂದರೆ ಐವತ್ತರ ಸಂಭ್ರಮ ಮಾತ್ರವೇ? ಬೈಬಲ್ಲಿನ ಬಿಡುಗಡೆಯ ವರ್ಷ ಇಂದಿನ ಕ್ರೈಸ್ತರಿಗೆ ಹೇಳುವುದೇನು

ಜುಬಿಲಿ ಎಂದ ಕೂಡಲೇ ನಮಗೆ ನೆನಪಾಗುವುದು ಓದಿದ ಶಾಲೆಯ ಸುವರ್ಣ ಮಹೋತ್ಸವ, ಕನ್ನಡ ಸಂಘದ ಬೆಳ್ಳಿಹಬ್ಬ, ಇಪ್ಪತ್ತೈದು ವಾರ ಓಡಿದ ಸಿನಿಮಾ. ಆದರೆ ಈ ಪದ ಹುಟ್ಟಿದ್ದು ಶಾಲು, ಹಾರ, ಸನ್ಮಾನಗಳ ನಡುವೆ ಅಲ್ಲ. ಸಾಲ ತೀರಿಸಲಾಗದೆ ಹೊಲ ಕಳೆದುಕೊಂಡವನ, ಹೊಟ್ಟೆಪಾಡಿಗೆ ತನ್ನನ್ನೇ ಮಾರಿಕೊಂಡವನ ಸಂಕಟದ ನಡುವೆ ಹುಟ್ಟಿದ ಪದ ಅದು.

ಕಥೋಲಿಕ ಧರ್ಮಸಭೆ 2025ನ್ನು ಜುಬಿಲಿ ವರ್ಷವಾಗಿ ಆಚರಿಸಿದ್ದು ಅನೇಕರಿಗೆ ಗೊತ್ತಿರಬಹುದು. 2024ರ ಡಿಸೆಂಬರ್ 24ರಂದು ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು ತೆರೆದರು. ಎರಡು ದಿನ ಬಿಟ್ಟು ರೋಮ್‌ನ ರೆಬಿಬಿಯಾ ಜೈಲಿನಲ್ಲೂ ಅಂಥದ್ದೇ ಒಂದು ದ್ವಾರ ತೆರೆದರು. ಜೈಲಿಗೇಕೆ ಹೋದರು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಬೈಬಲ್ಲಿನ ಮೂರನೆಯ ಪುಸ್ತಕವಾದ ಯಾಜಕಕಾಂಡದ 25ನೇ ಅಧ್ಯಾಯವನ್ನು ತೆರೆಯಬೇಕು.

ಏಳು ಏಳಲ ನಲವತ್ತೊಂಬತ್ತು

ಇಸ್ರಾಯೇಲರಿಗೆ ವಾರದ ಏಳನೇ ದಿನ ವಿಶ್ರಾಂತಿಯ ಸಬ್ಬತ್ ದಿನ. ಅದೇ ಲೆಕ್ಕದಲ್ಲಿ ಭೂಮಿಗೂ ಆರು ವರ್ಷ ಬೇಸಾಯ, ಏಳನೇ ವರ್ಷ ಬೀಡು. ಇಂಥ ಏಳು ಸುತ್ತು ಮುಗಿದರೆ ನಲವತ್ತೊಂಬತ್ತು ವರ್ಷ. ಅದರ ಮುಂದಿನ ಐವತ್ತನೆಯದೇ ಜುಬಿಲಿ ವರ್ಷ. ಅದನ್ನು ಸಾರಲು ದೇಶದ ಉದ್ದಗಲಕ್ಕೂ ಕೊಂಬು ಊದಬೇಕಿತ್ತು. ಹೀಬ್ರೂ ಭಾಷೆಯ 'ಯೋಬೇಲ್' ಎಂಬ ಪದಕ್ಕೆ ಟಗರು, ಟಗರಿನ ಕೊಂಬು ಎಂಬ ಅರ್ಥವಿದೆ. ಜುಬಿಲಿ ಎಂಬ ಪದ ಬಂದದ್ದು ಅಲ್ಲಿಂದ.

ಕೊಂಬು ಊದಿದ ಮೇಲೆ ಆಗಬೇಕಾದದ್ದು ಮುಖ್ಯವಾಗಿ ಮೂರು. ಬಡತನದಿಂದ ಮಾರಿದ ಪಿತ್ರಾರ್ಜಿತ ಹೊಲ ಮೂಲ ಕುಟುಂಬಕ್ಕೆ ಮರಳಬೇಕು. ಸಾಲಕ್ಕಾಗಿ ಜೀತಕ್ಕೆ ಬಿದ್ದ ಇಸ್ರಾಯೇಲನು ಹೆಂಡತಿ ಮಕ್ಕಳೊಂದಿಗೆ ಮನೆಗೆ ಹೋಗಬೇಕು. ಆ ವರ್ಷ ಬಿತ್ತನೆ, ಕೊಯ್ಲು ಇಲ್ಲ. ತಾನಾಗಿ ಬೆಳೆದದ್ದನ್ನು ತಿನ್ನಬೇಕು.

ಹಾಗಾದರೆ ಹಣ ಕೊಟ್ಟು ಹೊಲ ಕೊಂಡವನಿಗೆ ಅನ್ಯಾಯವಲ್ಲವೇ? ಅಲ್ಲ. ಏಕೆಂದರೆ ಅಲ್ಲಿ ಭೂಮಿಯ ಮಾರಾಟವೆಂಬುದು ನಮ್ಮ ಕಡೆಯ ಕ್ರಯಪತ್ರದಂತಿರಲಿಲ್ಲ, ಹೆಚ್ಚೂ ಕಡಿಮೆ ಭೋಗ್ಯದಂತಿತ್ತು. ಮುಂದಿನ ಜುಬಿಲಿಗೆ ನಲವತ್ತು ವರ್ಷ ಇದ್ದರೆ ಹೆಚ್ಚು ಬೆಲೆ, ಐದೇ ವರ್ಷ ಇದ್ದರೆ ಕಡಿಮೆ ಬೆಲೆ. ಕೊಳ್ಳುವವನು ಕೊಳ್ಳುತ್ತಿದ್ದುದು ಅಷ್ಟು ವರ್ಷದ ಬೆಳೆಯನ್ನು, ನೆಲವನ್ನಲ್ಲ. ಊರಿನ ಜಮೀನನ್ನು ಭೋಗ್ಯಕ್ಕೆ ಹಾಕಿ ಪಟ್ಟಣ ಸೇರಿದ ಮನೆತನದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ನೆಲ ಯಾರದು ಎಂಬ ಪ್ರಶ್ನೆಗೆ ಆ ಅಧ್ಯಾಯ ಕೊಡುವ ಉತ್ತರವೇ ಇಡೀ ನಿಯಮದ ತಳಪಾಯ: ಭೂಮಿ ದೇವರದು, ಇಸ್ರಾಯೇಲರು ಅವನ ಬಳಿ ತಂಗಿರುವ ಪರದೇಶಿಗಳು. ಒಕ್ಕಲಿದ್ದವನಿಗೆ ಒಡೆಯನ ನೆಲವನ್ನು ಶಾಶ್ವತವಾಗಿ ಮಾರುವ ಹಕ್ಕು ಎಲ್ಲಿಂದ ಬರಬೇಕು? ಮನುಷ್ಯರ ವಿಷಯಕ್ಕೂ ಇದೇ ಮಾತು. ಐಗುಪ್ತದ ಗುಲಾಮಗಿರಿಯಿಂದ ದೇವರು ಬಿಡಿಸಿ ತಂದವರು ಅವನ ಆಳುಗಳು, ಅವರನ್ನು ಇನ್ನೊಬ್ಬ ಸಾಹುಕಾರ ಕೊನೆತನಕ ಇಟ್ಟುಕೊಳ್ಳುವಂತಿಲ್ಲ.

ನಿಯಮಕ್ಕೆ ವಿನಾಯಿತಿಗಳೂ ಇದ್ದವು. ಕೋಟೆಯೊಳಗಿನ ಪಟ್ಟಣದ ಮನೆಯನ್ನು ಮಾರಿದರೆ ಬಿಡಿಸಿಕೊಳ್ಳಲು ಒಂದೇ ವರ್ಷದ ಗಡುವು, ಆಮೇಲೆ ಅದು ಕೊಂಡವನ ಪಾಲು. ಇದಕ್ಕಿಂತ ಮುಜುಗರದ ಸಂಗತಿ ಇನ್ನೊಂದಿದೆ. ಈ ಬಿಡುಗಡೆ ಇದ್ದದ್ದು ಇಸ್ರಾಯೇಲರಿಗೆ ಮಾತ್ರ. ಅನ್ಯ ಜನಾಂಗದ ಗುಲಾಮರನ್ನು ಆಸ್ತಿಯಂತೆ ಮಕ್ಕಳಿಗೆ ಬಿಟ್ಟುಹೋಗಲು ಅದೇ ಅಧ್ಯಾಯ ಅನುಮತಿ ಕೊಡುತ್ತದೆ. ಜುಬಿಲಿಯ ಮೇಲಿನ ಪ್ರಸಂಗಗಳಲ್ಲಿ ಈ ಸಾಲುಗಳನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಹಾರಿಸಬಾರದು. ನಜರೇತಿನಲ್ಲಿ ಯೇಸುವಿನ ಮೇಲೆ ಜನ ಏಕೆ ಸಿಟ್ಟಾದರು ಎಂಬುದು ಅರ್ಥವಾಗಲು ಇದು ಬೇಕು.

ನಿಜಕ್ಕೂ ಆಚರಿಸಿದರೇ?

ಇಂಥ ವರ್ಷ ಜುಬಿಲಿ ನಡೆಯಿತು, ಹೊಲಗಳೆಲ್ಲ ಮರಳಿದವು ಎಂಬ ಸ್ಪಷ್ಟ ದಾಖಲೆ ಬೈಬಲ್ಲಿನ ಚರಿತ್ರೆಯ ಪುಸ್ತಕಗಳಲ್ಲಿ ಇಲ್ಲ. ಇರುವುದು ಹೆಚ್ಚಾಗಿ ಅದರ ಉಲ್ಲಂಘನೆಯ ಕಥೆಗಳು. ಪಿತ್ರಾರ್ಜಿತ ದ್ರಾಕ್ಷಿತೋಟ ಕೊಡಲೊಲ್ಲೆ ಎಂದ ನಾಬೋತನನ್ನು ಅಹಾಬ ರಾಜನ ಹೆಂಡತಿ ಸುಳ್ಳುಸಾಕ್ಷಿ ಹಾಕಿಸಿ ಕೊಲ್ಲಿಸಿದಳು. ಬಾಬೆಲಿನ ಸೈನ್ಯ ಬಂದಾಗ ಚಿದ್ಕೀಯ ರಾಜನ ಮಾತಿನಂತೆ ಯೆರೂಸಲೇಮಿನ ಶ್ರೀಮಂತರು ಗುಲಾಮರನ್ನು ಬಿಟ್ಟರು, ಅಪಾಯ ದೂರವಾದಂತೆ ಕಂಡೊಡನೆ ಮತ್ತೆ ಹಿಡಿದು ತಂದರು. ಪ್ರವಾದಿ ಯೆರೆಮೀಯನ ಕೋಪವನ್ನು ಅವನ ಪುಸ್ತಕದ 34ನೇ ಅಧ್ಯಾಯದಲ್ಲಿ ನೋಡಬಹುದು. ನೆಹೆಮೀಯನ ಕಾಲದಲ್ಲಿ ಮಾತ್ರ ಸ್ವಲ್ಪ ಸಮಾಧಾನ. ಬರಗಾಲದಲ್ಲಿ ಹೊಲ ಒತ್ತೆಯಿಟ್ಟು ಮಕ್ಕಳನ್ನೂ ಮಾರಿದ ಜನ ಗೋಳಿಟ್ಟಾಗ, ಅವನು ಸಾಲ ಕೊಟ್ಟವರನ್ನು ಸಭೆ ಸೇರಿಸಿ ಹೊಲ, ತೋಟ, ಬಡ್ಡಿ ಎಲ್ಲವನ್ನೂ ಹಿಂದಿರುಗಿಸುವಂತೆ ಪ್ರಮಾಣ ಮಾಡಿಸಿದ.

ಸಾಲ ಮನ್ನಾ ಇಸ್ರಾಯೇಲರಿಗಿಂತ ಹಳೆಯದು. ಬಾಬೆಲಿನ ರಾಜರು ಪಟ್ಟಕ್ಕೆ ಬಂದಾಗ ಸಾಲ ರದ್ದು ಮಾಡುವ ಆಜ್ಞೆ ಹೊರಡಿಸುತ್ತಿದ್ದರು. ಅಮ್ಮಿಸದೂಕ ಎಂಬ ರಾಜನ ಅಂಥ ಶಾಸನವೊಂದು ಸಿಕ್ಕಿದೆ. ವ್ಯತ್ಯಾಸ ಇಷ್ಟೇ: ಅಲ್ಲಿ ಬಿಡುಗಡೆ ರಾಜನ ಕೃಪೆ, ಮನಸ್ಸು ಬಂದಾಗ ಸಿಗುವಂಥದ್ದು. ಯಾಜಕಕಾಂಡದಲ್ಲಿ ಅದು ಪಂಚಾಂಗದಲ್ಲಿ ಬರೆದ ದಿನ. ಯಾರ ಕಾಲು ಹಿಡಿಯಬೇಕಾಗಿಲ್ಲ.

ಬಿಡಿಸಿಕೊಳ್ಳುವ ನೆಂಟ

ಐವತ್ತು ವರ್ಷ ಕಾಯುವಷ್ಟು ಆಯುಸ್ಸು ಎಲ್ಲರಿಗೂ ಇರುವುದಿಲ್ಲ. ಅದಕ್ಕಾಗಿಯೇ ಜುಬಿಲಿಯ ಜೊತೆಗೆ ಇನ್ನೊಂದು ವ್ಯವಸ್ಥೆ ಇತ್ತು. ಬಡವನಾದವನ ಹತ್ತಿರದ ಸಂಬಂಧಿ ಮುಂದೆ ಬಂದು, ಉಳಿದ ವರ್ಷಗಳ ಲೆಕ್ಕಕ್ಕೆ ಹಣ ಕಟ್ಟಿ ಹೊಲವನ್ನೋ ಜೀತದಲ್ಲಿದ್ದವನನ್ನೋ ಬಿಡಿಸಿಕೊಳ್ಳಬಹುದಿತ್ತು. ಹೀಬ್ರೂವಿನಲ್ಲಿ ಇವನು 'ಗೋಏಲ್'. ಕನ್ನಡ ಕ್ರೈಸ್ತರು ಪ್ರಾರ್ಥನೆಯಲ್ಲಿ 'ವಿಮೋಚಕ' ಎನ್ನುವಾಗ ಅದರ ಹಿಂದೆ ಇರುವುದು ಈ ನೆಂಟನೇ. ವಿಮೋಚನೆ ಎಂಬುದು ಸಂಸ್ಕೃತದ ದೊಡ್ಡ ಪದವಾಗಿ ಕೇಳಿಸುತ್ತದೆ. ಅಡವಿಟ್ಟ ಬಳೆಯನ್ನು 'ಬಿಡಿಸಿಕೊಂಡು ಬಂದೆ' ಎಂದು ಮನೆಯಲ್ಲಿ ಹೇಳುತ್ತೇವಲ್ಲ, ಅದೇ ಅದರ ನೇರ ಅರ್ಥ.

ರೂತಳ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ಅತ್ತೆ, ಜೊತೆಗೆ ಮೋವಾಬ್ ದೇಶದ ವಿಧವೆ ಸೊಸೆ ರೂತ್, ಇಬ್ಬರೂ ಬೆತ್ಲೆಹೇಮಿಗೆ ಮರಳುತ್ತಾರೆ. ಹೊಲ ಬಿಡಿಸಿಕೊಳ್ಳುವ ಮೊದಲ ಹಕ್ಕಿದ್ದ ಸಂಬಂಧಿ ಊರಬಾಗಿಲಲ್ಲಿ ಕೂತು ಮೊದಲು ಒಪ್ಪುತ್ತಾನೆ. ರೂತಳನ್ನೂ ಮದುವೆಯಾಗಬೇಕು, ಹೊಲ ಕೊನೆಗೆ ಸತ್ತವನ ಹೆಸರಿಗೇ ಹೋಗುತ್ತದೆ ಎಂದು ತಿಳಿದಾಗ, ತನ್ನ ಆಸ್ತಿಗೆ ನಷ್ಟ ಎಂದು ಹಿಂದೆ ಸರಿಯುತ್ತಾನೆ. ಲೆಕ್ಕ ಬಲ್ಲವನು! ಬೋವಜ ಆ ನಷ್ಟವನ್ನು ಮೈಮೇಲೆ ಹಾಕಿಕೊಳ್ಳುತ್ತಾನೆ. ವಿಮೋಚಕನಾಗಲು ಸಂಬಂಧ ಬೇಕು, ಶಕ್ತಿ ಬೇಕು, ಜೊತೆಗೆ ಕಳೆದುಕೊಳ್ಳುವ ಮನಸ್ಸೂ ಬೇಕು. ಇವರ ವಂಶದಲ್ಲೇ ದಾವೀದ, ಮುಂದೆ ಯೇಸು ಹುಟ್ಟಿದ್ದಾಗಿ ಮತ್ತಾಯನ ಸುವಾರ್ತೆ ಹೇಳುತ್ತದೆ.

ಹೊಸ ಒಡಂಬಡಿಕೆಯವರು ಕ್ರಿಸ್ತನನ್ನು ಅರ್ಥ ಮಾಡಿಕೊಂಡದ್ದು ಈ ಭಾಷೆಯಲ್ಲಿ. ಇಬ್ರಿಯರಿಗೆ ಬರೆದ ಪತ್ರ, ಅವನು ರಕ್ತಮಾಂಸಧಾರಿಯಾಗಿ ನಮ್ಮ ಸಹೋದರನಾದ ಎನ್ನುತ್ತದೆ. ಅಂದರೆ ನೆಂಟಸ್ತಿಕೆ ಮೊದಲು, ಬಿಡುಗಡೆ ಆಮೇಲೆ. ಪೇತ್ರನ ಪತ್ರ, ಬೆಲೆ ಕಟ್ಟಿದ್ದು ಬೆಳ್ಳಿಬಂಗಾರದಿಂದಲ್ಲ, ಕ್ರಿಸ್ತನ ರಕ್ತದಿಂದ ಎನ್ನುತ್ತದೆ. ಆ ಬೆಲೆ ಸಂದಾಯವಾದದ್ದು ಯಾರಿಗೆ ಎಂಬುದರ ಮೇಲೆ ಶತಮಾನಗಟ್ಟಲೆ ಚರ್ಚೆ ನಡೆಯಿತು. ಸೈತಾನನಿಗೆ ಎಂದು ನಿಸ್ಸಾದ ಗ್ರೆಗೊರಿಯಂಥ ಹಿರಿಯರೇ ಬರೆದರು. ಅವರ ಗೆಳೆಯ ನಾಜಿಯಾಂಜಸ್‌ನ ಗ್ರೆಗೊರಿ ಅದನ್ನು ಒಪ್ಪಲಿಲ್ಲ, ಕಳ್ಳನಿಗೆ ಬೆಲೆ ಕಟ್ಟುವುದೇ ಎಂದು ಸಿಡಿದರು. ನನಗೆ ಈ ಎರಡನೆಯವರ ಮಾತೇ ಸರಿ ಎನಿಸುತ್ತದೆ. ರೂತಳ ಕಥೆಯಲ್ಲೂ ಬೋವಜನ ಹಣ ಯಾರ ಕೈ ಸೇರಿತು ಎಂಬುದು ನಮಗೆ ನೆನಪುಳಿಯುವುದಿಲ್ಲ. ಅವನು ಹಿಂದೆ ಸರಿಯಲಿಲ್ಲ ಎಂಬುದು ಉಳಿಯುತ್ತದೆ.

ನಜರೇತಿನ ಆ ದಿನ

ಲೂಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸು ತಾನು ಬೆಳೆದ ಊರಿನ ಸಭಾಮಂದಿರದಲ್ಲಿ ಎದ್ದುನಿಂತು ಯೆಶಾಯನ ಸುರುಳಿಯನ್ನು ಓದುತ್ತಾನೆ. ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ದೇವರ ಕೃಪೆಯ ವರ್ಷ, ಇವೆಲ್ಲ ಜುಬಿಲಿಯ ಮಾತುಗಳೇ. ಮೂಲದಲ್ಲಿ ಅದರ ಬೆನ್ನಿಗೇ ದೇವರು ಸೇಡು ತೀರಿಸುವ ದಿನದ ಮಾತಿದೆ. ಅದನ್ನು ಓದದೆ ಸುರುಳಿ ಸುತ್ತಿ ಕೊಟ್ಟು, ಈ ಮಾತು ಇಂದೇ ನೆರವೇರಿತು ಎನ್ನುತ್ತಾನೆ. ಜನ ಮೊದಲು ಮೆಚ್ಚಿದರು. ಆಮೇಲೆ ಅವನು, ಪ್ರವಾದಿ ಎಲೀಯನ ಕಾಲದ ಬರದಲ್ಲಿ ನೆರವು ಸಿಕ್ಕಿದ್ದು ಸೀದೋನ್ ಸೀಮೆಯ ವಿಧವೆಗೆ, ಎಲೀಷನ ಕಾಲದಲ್ಲಿ ಕುಷ್ಠ ವಾಸಿಯಾದದ್ದು ಸಿರಿಯಾದ ನಾಮಾನನಿಗೆ ಎಂದ. ಇಬ್ಬರೂ ಅನ್ಯರು. ಜುಬಿಲಿ ನಮ್ಮವರಿಗೆ ಮಾತ್ರ ಎಂಬ ಹಳೆಯ ಗೆರೆಯನ್ನೇ ಅಳಿಸಿದಂತಾಯಿತು. ಅವನನ್ನು ಬೆಟ್ಟದ ಅಂಚಿನಿಂದ ದಬ್ಬಲು ಹೊರಟರು.

ಹೀಬ್ರೂ ಶಾಸ್ತ್ರಗಳ ಹಳೆಯ ಗ್ರೀಕ್ ಅನುವಾದದಲ್ಲಿ ಜುಬಿಲಿಯ ಬಿಡುಗಡೆಗೆ ಬಳಸಿದ ಪದ 'ಆಫೆಸಿಸ್'. ಹೊಸ ಒಡಂಬಡಿಕೆಯಲ್ಲಿ ಪಾಪಕ್ಷಮೆ ಎಂದಿರುವ ಕಡೆಯೂ ಇದೇ ಪದ. ಅಂದರೆ ಆರಂಭದ ಕ್ರೈಸ್ತರ ಕಿವಿಗೆ ಪಾಪದ ಕ್ಷಮೆಯೂ ಸಾಲದ ಬಿಡುಗಡೆಯೂ ಒಂದೇ ಪದವಾಗಿ ಕೇಳಿಸುತ್ತಿತ್ತು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ 'ತಪ್ಪು' ಎಂದು ನಾವು ಓದುವಲ್ಲಿ ಮತ್ತಾಯನ ಗ್ರೀಕ್ ಮೂಲದಲ್ಲಿರುವುದು 'ಸಾಲ'.

ಇಂದಿಗೆ ಇದರ ಅರ್ಥವೇನು?

ಎರಡು ಬಗೆಯ ಓದು ಬಳಕೆಯಲ್ಲಿವೆ. ಒಂದು, ಎಲ್ಲವನ್ನೂ ಆತ್ಮದ ವಿಷಯ ಮಾಡುವುದು: ಸಾಲವೆಂದರೆ ಪಾಪ, ಸೆರೆಯೆಂದರೆ ಸೈತಾನನ ಕಟ್ಟು, ಹೊಲವೆಂದರೆ ಪರಲೋಕ. ಇನ್ನೊಂದು, ದೇವರ ಮಾತೆತ್ತದೆ ಇದನ್ನು ಭೂಸುಧಾರಣೆಯ ಕರಡು ಮಾಡುವುದು. ಇವೆರಡಕ್ಕಿಂತ ಭಿನ್ನವಾದ ಮೂರನೆಯದೂ ಒಂದಿದೆ: ಇದು ನಿಮ್ಮ ಜುಬಿಲಿ ವರ್ಷ, ಕಾಣಿಕೆ ಹಾಕಿ, ಐವತ್ತರಷ್ಟು ವಾಪಸ್ ಬರುತ್ತದೆ ಎಂಬ ಟಿವಿ ಪ್ರಸಂಗ. ಅದಕ್ಕೆ ಯಾಜಕಕಾಂಡದಲ್ಲಿ ಆಧಾರವೇ ಇಲ್ಲ. ಅಲ್ಲಿ ಶ್ರೀಮಂತ ಹಿಂದಕ್ಕೆ ಕೊಡುತ್ತಾನೆ, ಬಡವನಿಂದ ಯಾರೂ ಕೇಳುವುದಿಲ್ಲ.

ಮೊದಲೆರಡು ಓದುಗಳ ಜಗಳಕ್ಕೆ ಉತ್ತರ ಆ ಅಧ್ಯಾಯದ ಒಂದು ಚಿಕ್ಕ ವಿವರದಲ್ಲೇ ಇದೆ. ಕೊಂಬು ಊದುವುದು ವರ್ಷದ ಯಾವುದೋ ದಿನವಲ್ಲ, ಏಳನೇ ತಿಂಗಳ ಹತ್ತನೇ ದಿನ. ಅದು ದೋಷಪರಿಹಾರದ ದಿನ, ಇಡೀ ಜನಾಂಗ ಉಪವಾಸವಿದ್ದು ದೇವರ ಕ್ಷಮೆ ಬೇಡುವ ದಿನ. ಬೆಳಿಗ್ಗೆ ದೇವರ ಬಳಿ ತನ್ನ ಲೆಕ್ಕ ಮನ್ನಾ ಮಾಡಿಸಿಕೊಂಡವನು ಅದೇ ದಿನ ನೆರೆಯವನ ಪತ್ರವನ್ನು ಹಿಂದಿರುಗಿಸಬೇಕು. ಆತ್ಮದ ಮಾತು, ಹೊಲದ ಮಾತು ಬೇರೆ ಬೇರೆ ಮಾಡಲು ಬರುವುದಿಲ್ಲ. ಯೇಸು ಹೇಳಿದ ಸಾಲಗಾರ ಆಳಿನ ಸಾಮ್ಯವೂ ಇದನ್ನೇ ಹೇಳುತ್ತದೆ: ಒಡೆಯನಿಂದ ದೊಡ್ಡ ಸಾಲ ಮನ್ನಾ ಆದವನು ಹೊರಗೆ ಬಂದು ಜೊತೆಯವನ ಚಿಕ್ಕ ಸಾಲಕ್ಕೆ ಕುತ್ತಿಗೆ ಹಿಡಿದ.

ದೊಡ್ಡ ಮಟ್ಟದಲ್ಲಿ ಇದನ್ನು ಮಾಡಿ ನೋಡಿದವರಿದ್ದಾರೆ. 'ಜುಬಿಲಿ 2000' ಹೆಸರಿನ ಚಳವಳಿ ಬಡ ದೇಶಗಳ ಸಾಲ ಮನ್ನಾಕ್ಕೆ ಒತ್ತಾಯಿಸಿತು. 1998ರಲ್ಲಿ ಜಿ8 ನಾಯಕರು ಸೇರಿದ್ದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹತ್ತಾರು ಸಾವಿರ ಜನ ಮಾನವ ಸರಪಳಿ ಕಟ್ಟಿದರು. ಮರುವರ್ಷ ಕಲೋನ್ ಸಭೆಯಲ್ಲಿ ಸಾಲ ಪರಿಹಾರದ ಯೋಜನೆಯನ್ನು ವಿಸ್ತರಿಸಲಾಯಿತು. ನಮ್ಮ ದೇಶದ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಬೈಬಲ್ಲಿನಿಂದ ಬಂದದ್ದಲ್ಲ. ಆದರೂ ಅದನ್ನು ಓದಿದರೆ ಜುಬಿಲಿಯ ಹೋಲಿಕೆ ಕಾಣುತ್ತದೆ. ಜೀತಗಾರನಿಗೆ ಬಿಡುಗಡೆ, ಜೀತದ ಸಾಲ ರದ್ದು, ಆ ಸಾಲಕ್ಕಾಗಿ ಒತ್ತೆ ಹಿಡಿದ ಆಸ್ತಿ ವಾಪಸ್.

ಮನೆಯ ಮಟ್ಟಕ್ಕೆ ಬಂದರೆ ವಿಷಯ ಇನ್ನೂ ಹತ್ತಿರ. ಮನೆಗೆಲಸದವಳಿಗೆ ಮಗಳ ಮದುವೆಗೆಂದು ಮುಂಗಡ ಕೊಟ್ಟು, ಅದು ತೀರುವವರೆಗೆ ಬೇರೆ ಮನೆಗೆ ಹೋಗದಂತೆ ಹಿಡಿದಿಟ್ಟವರು ಭಾನುವಾರ ಚರ್ಚಿನಲ್ಲಿ 'ನಮ್ಮ ವಿಮೋಚಕನೇ' ಎನ್ನುವುದು ಹೇಗೆ? ತಮ್ಮನ ಪಾಲಿನ ಜಮೀನನ್ನು ಕಷ್ಟಕಾಲದಲ್ಲಿ ಮೂರು ಕಾಸಿಗೆ ಬರೆಸಿಕೊಂಡ ಅಣ್ಣನಿಗೆ, ಈ ಅಧ್ಯಾಯ ಹೇಳುವ ಹತ್ತಿರದ ಸಂಬಂಧಿ ತಾನೇ ಎಂದು ಅನಿಸಬೇಡವೇ?

ಕಳೆದುಕೊಂಡವರ ಕಡೆಯಿಂದಲೂ ನೋಡಬೇಕು. ಸೋತವನ ಸೋಲು ಅವನ ಮಕ್ಕಳಿಗೆ ಕಾಯಂ ಆಸ್ತಿಯಾಗಬಾರದು ಎಂಬುದೇ ಜುಬಿಲಿಯ ಆಶಯ. ಕುಡಿತ, ಜೂಜು, ತಪ್ಪು ವ್ಯವಹಾರ, ಕಾರಣ ಏನೇ ಇರಲಿ, ಹೊಲ ಕಳೆದದ್ದು ಏಕೆ ಎಂದು ಆ ನಿಯಮ ವಿಚಾರಣೆ ಮಾಡುವುದಿಲ್ಲ. ಜೈಲಿನ ಬಾಗಿಲಲ್ಲಿ ಪವಿತ್ರ ದ್ವಾರ ತೆರೆದದ್ದರ ಅರ್ಥವೂ ಇಲ್ಲೇ ಇದೆ.

ರೋಮ್‌ನ ಆಚರಣೆಯ ಚರಿತ್ರೆ ಬೇರೆಯದೇ. ಮೊದಲ ಪವಿತ್ರ ವರ್ಷವನ್ನು 1300ರಲ್ಲಿ ಎಂಟನೇ ಬೋನಿಫಾಸ್ ಸಾರಿದರು, ನೂರು ವರ್ಷಕ್ಕೊಮ್ಮೆ ಎಂದಿದ್ದದ್ದು ಐವತ್ತಕ್ಕೆ, ಕೊನೆಗೆ ಇಪ್ಪತ್ತೈದಕ್ಕೆ ಇಳಿಯಿತು. ಪ್ರಾಟೆಸ್ಟೆಂಟ್ ಸಭೆಗಳು ಇದನ್ನು ಆಚರಿಸುವುದಿಲ್ಲ. 1983ರಲ್ಲಿ ಎರಡನೇ ಜಾನ್ ಪಾಲ್ ಅವರು ಯೇಸುವಿನ ಮರಣ ಪುನರುತ್ಥಾನಕ್ಕೆ 1950 ವರ್ಷವಾಯಿತೆಂದು ವಿಮೋಚನೆಯ ವಿಶೇಷ ಜುಬಿಲಿಯನ್ನೇ ಕರೆದಿದ್ದರು. 2025ರ ಜುಬಿಲಿಯ ಘೋಷಣಾ ಪತ್ರದಲ್ಲಿ ಪೋಪ್ ಫ್ರಾನ್ಸಿಸ್, ವಿಮೋಚನೆಯ ಎರಡು ಸಾವಿರ ವರ್ಷ ತುಂಬುವ 2033ರ ಕಡೆಗೆ ಬೆರಳು ತೋರಿಸಿದ್ದಾರೆ.