ಹಣ್ಣಿನ ಪಫ್ಸ್‌ನ ತಳ ಒದ್ದೆಯಾಗುವುದೇಕೆ?

ಪ್ರಶ್ನೆ: ಕ್ರಿಸ್‌ಮಸ್‌ಗೆ ಮನೆಯ ಓವನ್‌ನಲ್ಲೇ ಅನಾನಸ್ ತುಂಬಿದ ಪಫ್ಸ್ ಮಾಡುತ್ತೇವೆ. ಮೇಲೆ ಗರಿಗರಿಯಾಗುತ್ತದೆ, ತಳ ಮಾತ್ರ ಹಸಿಹಿಟ್ಟಿನಂತೆ ಉಳಿಯುತ್ತದೆ. ಬೇಕರಿಯ ದಿಲ್‌ಪಸಂದ್ ಹೀಗಾಗುವುದಿಲ್ಲವಲ್ಲ, ಏಕೆ?
– ಓದುಗರೊಬ್ಬರು, ಮಾರ್ಟಳ್ಳಿ, ಹನೂರು ತಾಲ್ಲೂಕು

ಉತ್ತರ: ತಪ್ಪು ನಿಮ್ಮ ಹಿಟ್ಟಿನದಲ್ಲ, ಹಣ್ಣಿನ ನೀರಿನದು. ಅನಾನಸ್ ತೂಕದಲ್ಲಿ ನೂರಕ್ಕೆ ಸುಮಾರು 86 ಭಾಗ ನೀರೇ ಇರುತ್ತದೆ. ಸಕ್ಕರೆ ಬೆರೆತೊಡನೆ ಆ ನೀರು ಹೊರಬಂದು ತಳಕ್ಕಿಳಿಯುತ್ತದೆ. ಒದ್ದೆಯಾದ ಹಿಟ್ಟಿನ ಪದರಗಳು ಒಂದಕ್ಕೊಂದು ಅಂಟಿಕೊಂಡು ಉಬ್ಬುವುದೇ ಇಲ್ಲ. ಇದರ ಜೊತೆಗೆ, ಹಸಿ ಅನಾನಸ್‌ನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಮೈದಾದ ಅಂಟನ್ನು ಸಡಿಲಗೊಳಿಸುತ್ತದೆ. ಬೇಯಿಸಿದರೆ ಅದರ ಶಕ್ತಿ ಅಡಗುತ್ತದೆ.

ದಿಲ್‌ಪಸಂದ್‌ನ ಹೂರಣ ಬೇರೆಯೇ. ಅದರಲ್ಲಿರುವುದು ಕೊಬ್ಬರಿ, ಸಕ್ಕರೆ ಮತ್ತು ಟೂಟಿ ಫ್ರೂಟಿ. ಟೂಟಿ ಫ್ರೂಟಿ ಎಂದರೆ ಪಾಕದಲ್ಲಿ ನೆನೆಸಿ ಒಣಗಿಸಿದ ಪರಂಗಿಕಾಯಿ ಚೂರುಗಳು. ಅದರಲ್ಲಿ ಹರಿಯುವ ನೀರೇ ಇಲ್ಲ.

ನೀವೂ ಹೂರಣವನ್ನು ಮೊದಲೇ ಬೇಯಿಸಿ. ಸಣ್ಣಗೆ ಹೆಚ್ಚಿದ 2 ಬಟ್ಟಲು ಅನಾನಸ್‌ಗೆ ಕಾಲು ಬಟ್ಟಲು ಸಕ್ಕರೆ ಹಾಕಿ, ಸೌಟಿನಿಂದ ಗೆರೆ ಎಳೆದರೆ ಕೂಡಿಕೊಳ್ಳದಷ್ಟು ಗಟ್ಟಿ ಮಾಡಿ. ಬೇಕಿದ್ದರೆ ಕೊನೆಯಲ್ಲಿ 1 ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಲ್ಲಿ ಕದಡಿ ಸೇರಿಸಿ ಕುದಿಸಿ. ಪೂರ್ತಿ ಆರಿದ ಮೇಲೆಯೇ ತುಂಬಿ, ಬಿಸಿ ತಗುಲಿದರೆ ಪದರಗಳ ನಡುವಿನ ಬೆಣ್ಣೆ ಕರಗಿಬಿಡುತ್ತದೆ. ಆವಿ ಹೊರಹೋಗಲು ಮೇಲೆ ಚಾಕುವಿನಿಂದ ಸೀಳಿ, ಮೊದಲೇ ಕಾಯಿಸಿದ ತಟ್ಟೆಯ ಮೇಲಿಟ್ಟು 200 ಡಿಗ್ರಿಯಲ್ಲಿ ಬೇಯಿಸಿ. ಮಾವು, ಹಲಸಿಗೂ ಇದೇ ಕ್ರಮ ಸಾಕು.