ಮಣ್ಣೆತ್ತಿಗೆ ಸಲ್ಲುವ ಪೂಜೆ

ಕಾರಹುಣ್ಣಿಮೆಯಂದು ಕೋಡಿಗೆ ಬಣ್ಣ ಬಳಿದು, ಕರಿ ಹರಿಸಿ ಮೆರೆಸಿದ ಎತ್ತುಗಳನ್ನೇ ಹದಿನೈದು ದಿನಗಳ ತರುವಾಯ, ಮಣ್ಣೆತ್ತಿನ ಅಮಾವಾಸ್ಯೆಯಂದು, ನವಲಗುಂದ, ಅಣ್ಣಿಗೇರಿ ಸೀಮೆಯ ಮನೆಗಳಲ್ಲಿ ಮಣ್ಣಿನಿಂದ ಮಾಡಿ ಪೂಜಿಸುತ್ತಾರೆ. ಪ್ರಾಚೀನ ಈಜಿಪ್ಟಿನ ಮೆಂಫಿಸ್ ನಗರದಲ್ಲಿ ಏಪಿಸ್ ಎಂಬ ಹೋರಿಯನ್ನು ದೇವರೆಂದೇ ಸಾಕುತ್ತಿದ್ದರು. ಸತ್ತ ಮೇಲೆ ಅದರ ದೇಹವನ್ನು ಕೆಡದಂತೆ ಸಂಸ್ಕರಿಸಿ ಸಮಾಧಿ ಮಾಡುತ್ತಿದ್ದರು. ಅದು ಗುಡಿಯ ಹೋರಿ. ನಮ್ಮ ಎರೆಹೊಲದ ಎತ್ತಾದರೋ ಒಕ್ಕಲಿಗನೊಡನೆ ಕುಂಟೆ, ಕೂರಿಗೆ ಎಳೆದ ಜೊತೆಗಾರ. 'ಬಸವ' ಎಂಬ ಹೆಸರೇ ವೃಷಭದ ತದ್ಭವವಲ್ಲವೇ! ಇಷ್ಟಲಿಂಗಧಾರಿಗಳಾದ ನಾವು ಈ ಪೂಜೆಯನ್ನು ಎತ್ತಿನ ಕಾಯಕಕ್ಕೆ ಸಲ್ಲಿಸುವ ಋಣವೆಂದೇ ಭಾವಿಸುತ್ತೇವೆ. ಮುಪ್ಪಾದ ಎತ್ತನ್ನು ಸಂತೆಗೆ ಹೊಡೆದು ಮಣ್ಣೆತ್ತಿಗೆ ಕೈಮುಗಿದರೆ ಆ ಋಣ ತೀರುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟೋ ಮನೆಗಳ ಗೋದಲಿಗಳು ಬರಿದಾಗಿವೆ. ಅಲ್ಲಿ ಮಕ್ಕಳು ಕಾಣುವುದು ಜಗಲಿಯ ಮೇಲಿನ ಈ ಜೋಡೆತ್ತುಗಳನ್ನು ಮಾತ್ರ.