ವಕೀಲರ ಕಡತ ಕ್ಲೌಡ್‌ನಲ್ಲಿ ಇರಬಹುದೇ?

ಪ್ರಶ್ನೆ: ಮುಂಬಯಿಯ ಚೆಂಬೂರಿನಲ್ಲಿ ಒಂದೇ ಕೋಣೆಯ ಕಚೇರಿ ಇರುವ ವಕೀಲರು ಕಕ್ಷಿದಾರರ ಕಾಗದಪತ್ರಗಳನ್ನು ಜಿಮೇಲ್, ಗೂಗಲ್ ಡ್ರೈವ್‌ನಲ್ಲಿ ಇಡುವುದು ಸರಿಯೇ?

ಉತ್ತರ: ಎಚ್ಚರವಿದ್ದರೆ ಸರಿ. ಚೆಂಬೂರು ಕರ್ನಾಟಕ ಸಂಘವೇ ಕಾನೂನು ಕಾಲೇಜು ನಡೆಸುವ ಊರಿದು. ಅಲ್ಲಿ ಓದಿ ಹೊಸದಾಗಿ ಕರಿಕೋಟು ತೊಟ್ಟವರಿಗೂ ಈ ಪ್ರಶ್ನೆ ಬಂದೇ ಬರುತ್ತದೆ. ಮುಂಬಯಿಯ ಬಾಡಿಗೆಗೆ ಕಪಾಟು ತುಂಬ ಕಡತ ಇಡಲು ಜಾಗವೆಲ್ಲಿ? ಮಳೆಗಾಲದ ತೇವ ಬೇರೆ. ಗೂಗಲ್ ಉಚಿತವಾಗಿ ಕೊಡುವುದು ಮೇಲ್, ಡ್ರೈವ್, ಫೋಟೋ ಎಲ್ಲ ಸೇರಿ 15 ಜಿಬಿ. ಸ್ಕ್ಯಾನ್ ಮಾಡಿದ ಪುಟಗಳು ಅದನ್ನು ಬೇಗ ತುಂಬುತ್ತವೆ.

ಕಕ್ಷಿದಾರರ ಗುಟ್ಟು ಕಾಯುವುದು ವಕೀಲರ ಧರ್ಮ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮೂ ಅದನ್ನೇ ವಿಧಿಸುತ್ತದೆ. ಹಾಗಾಗಿ ಮನೆಮಂದಿಯೆಲ್ಲ ತೆರೆಯುವ ಖಾತೆ ಬೇಡ. ಪಾಸ್‌ವರ್ಡ್ ಜೊತೆಗೆ ಎರಡನೇ ಹಂತದ ಪರಿಶೀಲನೆಯೂ ಇರಲಿ. ಲಿಂಕ್ ಸಿಕ್ಕವರೆಲ್ಲ ನೋಡುವಂತೆ ಕಡತ ಹಂಚುವುದಂತೂ ದೊಡ್ಡ ತಪ್ಪು.

ಇಮೇಲ್ ಸ್ವತಃ ಸಾಕ್ಷ್ಯವಾಗುವುದೂ ಉಂಟು. ಅದರ ಪ್ರತಿ ಹಾಜರುಪಡಿಸಲು ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ, ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಆದ್ದರಿಂದ ಜಾಗ ಸಾಲದೆಂದು ಮೂಲ ಮೇಲನ್ನು ದಯವಿಟ್ಟು ಅಳಿಸಬೇಡಿ.